‘ಘೋಸ್ಟ್ ಆಫ್ ತ್ಸುಶಿಮಾ’ ಆಡಿದವರು ತ್ಸುಶಿಮಾಕ್ಕೆ ಹೊರಡುವ ಮುನ್ನ: ಸಮಗ್ರ ಮಾರ್ಗದರ್ಶಿ

‘ಘೋಸ್ಟ್ ಆಫ್ ತ್ಸುಶಿಮಾ’ ವಿಡಿಯೊ ಗೇಮ್‌ನಲ್ಲಿ ಜಿನ್ ಸಕಾಯಿ ಎಂಬ ಸಮುರಾಯಿ, 1274ರಲ್ಲಿ ಜಪಾನಿನ ತ್ಸುಶಿಮಾ ದ್ವೀಪಕ್ಕೆ ನುಗ್ಗಿದ ಮಂಗೋಲರ ವಿರುದ್ಧ ಹೋರಾಡುತ್ತಾನೆ. ಆ ಆಟ ಮುಗಿಸಿ, ಆಸೆ ತಡೆಯಲಾರದೆ ನಿಜದ ದ್ವೀಪಕ್ಕೆ ಹೋಗಿ ಬಂದವರಲ್ಲಿ ಹಲವರದು ಒಂದೇ ಮಾತು: ‘ಅಲ್ಲೇನೂ ಇಲ್ಲ ಮಾರಾಯ್ರೇ.’ ಸ್ವಲ್ಪ ಕೆದಕಿ ಕೇಳಿದರೆ ಸಂಗತಿ ಹೊರಬೀಳುತ್ತದೆ. ಇಜುಹರಾ ಬಂದರಿನಲ್ಲಿ ಇಳಿದಿದ್ದಾರೆ, ಬಾಡಿಗೆ ಕಾರು ಸಿಕ್ಕಿಲ್ಲ, ದೂರದ ಊರಿನ ಬಸ್ಸು ಆಗಲೇ ಹೋಗಿಬಿಟ್ಟಿದೆ. ಊರೊಳಗೇ ಸುತ್ತಾಡಿ, ಒಂದು ಗುಡಿಯ ಮುಂದೆ ಫೋಟೊ ಹೊಡೆದುಕೊಂಡು ಮರುದಿನ ವಾಪಸ್.

ಈ ಪ್ರವಾಸ ಕೆಡುವುದು ದ್ವೀಪದಲ್ಲಲ್ಲ, ಮನೆಯಲ್ಲೇ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿದರೆ ಹಣ, ರಜೆ ಎರಡೂ ಖರ್ಚಾಗುತ್ತವೆ. ನೋಡಬೇಕಾದದ್ದು ಮಾತ್ರ ಉಳಿದುಹೋಗುತ್ತದೆ. ಆದ್ದರಿಂದ ಇಲ್ಲಿ ಜಾಗಗಳ ವಿವರಕ್ಕೂ ಮುಂಚೆ ಕಾಗದಪತ್ರದ ಮಾತು ಬರುತ್ತದೆ. ಬೇಸರ ಬಂದರೂ ದಾಟಿಸಿ ಓದಬೇಡಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಕರ್ನಾಟಕದಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹೊರದೇಶದಲ್ಲಿರುವ ಕನ್ನಡಿಗರಿಗೆ ನಿಯಮ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

## ಹಂತ 1: ಆಟದ ನಕ್ಷೆಯನ್ನು ನಂಬಬೇಡಿ, ಹೆಸರುಗಳನ್ನು ಇಟ್ಟುಕೊಳ್ಳಿ

ಆಟದಲ್ಲಿ ದ್ವೀಪ ಮೂರು ಭಾಗವಾಗಿ ತೆರೆದುಕೊಳ್ಳುತ್ತದೆ: ದಕ್ಷಿಣಕ್ಕೆ ಇಜುಹರಾ, ನಡುವೆ ತೊಯೊತಮಾ, ಉತ್ತರಕ್ಕೆ ಕಮಿಅಗತಾ. ಈ ಮೂರೂ ನಿಜವಾದ ಹೆಸರುಗಳೇ. 2004ರಲ್ಲಿ ಆರು ಪಟ್ಟಣಗಳನ್ನು ಒಂದುಗೂಡಿಸಿ ತ್ಸುಶಿಮಾ ನಗರ ಮಾಡುವವರೆಗೂ ಇವು ಬೇರೆ ಬೇರೆ ಪಟ್ಟಣಗಳಾಗಿದ್ದವು. ಕೊಮೊದಾ, ಕನೆದಾ, ಅಜಮೊ, ತ್ಸುತ್ಸು, ಸಗೊ, ಕಿನ್ ಇವೆಲ್ಲ ಇವತ್ತಿಗೂ ರಸ್ತೆಬದಿಯ ಫಲಕದಲ್ಲಿ ಕಾಣುವ ಹೆಸರುಗಳು.

ಹೆಸರು ನಿಜವಾದ ಮಾತ್ರಕ್ಕೆ ದೃಶ್ಯವೂ ನಿಜವಾಗಬೇಕಿಲ್ಲ. ಶಿಮುರಾ ಕೋಟೆ, ಓಮಿ ಹಳ್ಳಿ, ಚಿನ್ನದ ಬಣ್ಣದ ಕಾಡಿನ ನಡುವಿನ ಗೋಲ್ಡನ್ ಟೆಂಪಲ್ ಎಲ್ಲವೂ ಕಲ್ಪನೆ. ಕುದುರೆ ಓಡಿಸುತ್ತ ದಾಟುವ ಆ ವಿಶಾಲ ಬಯಲುಗಳೂ ಇಲ್ಲಿಲ್ಲ. ನಿಜದ ತ್ಸುಶಿಮಾ ಉತ್ತರ-ದಕ್ಷಿಣ ಸುಮಾರು 82 ಕಿ.ಮೀ., ಪೂರ್ವ-ಪಶ್ಚಿಮ ಹೆಚ್ಚೆಂದರೆ 18 ಕಿ.ಮೀ.; ನೆಲದ ಶೇ. 89ರಷ್ಟು ಗುಡ್ಡಗಾಡು. ಆಟದಲ್ಲಿ ದಾರಿ ತೋರುವ ನರಿಗಾಗಿಯೂ ಹುಡುಕಬೇಡಿ. ಈ ದ್ವೀಪದಲ್ಲಿ ಕಾಡುನರಿಯೂ ಇಲ್ಲ, ಕರಡಿಯೂ ಇಲ್ಲ.

ಈಗ ಮಾಡಬೇಕಾದದ್ದು ಇಷ್ಟು. ನಿಮಗೆ ಇಷ್ಟವಾದ ದೃಶ್ಯಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ‘ಜಾಗ ಇದೆ’, ‘ಹೆಸರು ಮಾತ್ರ ಇದೆ’, ‘ಇಲ್ಲವೇ ಇಲ್ಲ’. ಮೊದಲ ಗುಂಪಿನವನ್ನಷ್ಟೇ ಫೋನಿನ ನಕ್ಷೆಯಲ್ಲಿ ಉಳಿಸಿ. ಉಳಿಸುವಾಗ ಜಪಾನಿ ಲಿಪಿಯ ಹೆಸರನ್ನೇ ನಕಲು ಮಾಡಿಟ್ಟುಕೊಳ್ಳಿ. ಅಲ್ಲಿ ಯಾರಿಗಾದರೂ ತೋರಿಸಿ ದಾರಿ ಕೇಳಲು ಅದೇ ಬೇಕು. ಆಟದ ಫೋಟೊ ಮೋಡ್‌ನಲ್ಲಿ ತೆಗೆದ ಚಿತ್ರಗಳನ್ನೂ ಫೋನಿಗೆ ಹಾಕಿಕೊಳ್ಳಿ. ದ್ವೀಪದ ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಟ್ಟುಕೊಳ್ಳಿ, ಕಣಿವೆಗಳಲ್ಲಿ ಸಿಗ್ನಲ್ ಹೋಗುತ್ತದೆ.

## ಹಂತ 2: ತಿಂಗಳು ಆರಿಸಿಕೊಳ್ಳಿ

ಆಟದಲ್ಲಿ ಒಂದು ಬೆಟ್ಟ ದಾಟಿದರೆ ಶರತ್ಕಾಲ, ಇನ್ನೊಂದು ದಾಟಿದರೆ ವಸಂತ. ಇಲ್ಲಿ ನೀವು ಒಂದನ್ನೇ ಆರಿಸಬೇಕು.

ಹಳದಿ ಎಲೆ ಬೇಕಿದ್ದರೆ ನವೆಂಬರ್‌ನ ಎರಡನೇ ಅರ್ಧ. ಅದೇ ತಿಂಗಳಲ್ಲಿ ಕೊಮೊದಾಹಮಾ ಗುಡಿಯ ಉತ್ಸವವೂ ಇರುತ್ತದೆ. ಕವಚ ತೊಟ್ಟವರು ಮೆರವಣಿಗೆಯಲ್ಲಿ ಬಂದು, ಬಾಣವಿಲ್ಲದ ಬಿಲ್ಲಿನ ಹೆದೆಯನ್ನು ಕಡಲಿನತ್ತ ಮಿಡಿಯುತ್ತಾರೆ. ಆಯಾ ವರ್ಷದ ದಿನಾಂಕ ನೋಡಿಕೊಂಡು ರಜೆ ಹೊಂದಿಸಿ. ಒಂದೇ ಸಲ ಹೋಗಲು ಸಾಧ್ಯವಿರುವವರಿಗೆ ನನ್ನ ಸಲಹೆ ಇದೇ ತಿಂಗಳು.

ಆಟದಲ್ಲಿ ಎಲ್ಲೆಲ್ಲೂ ಕಾಣುವ ಕೆಂಪು ಹೂವು ಹಿಗನ್‌ಬನಾ. ಅದು ಜಪಾನಿನಲ್ಲಿ ಅರಳುವುದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಆದರೆ ಆಗ ಚಂಡಮಾರುತದ ಕಾಲ. ಮೇ ಮೊದಲ ವಾರದ ಹೊತ್ತಿಗೆ ಉತ್ತರದ ವಾನಿಉರಾ ಹಳ್ಳಿಯ ಗುಡ್ಡದಲ್ಲಿ ಹಿತೊತ್ಸುಬತಗೊ ಎಂಬ ಮರಗಳು ಬೆಳ್ಳಗೆ ಹೂಬಿಟ್ಟಿರುತ್ತವೆ. ಚೆಂದವೇನೋ ಹೌದು, ಆದರೆ ಆಗಲೇ ಜಪಾನಿನ ಗೋಲ್ಡನ್ ವೀಕ್ ರಜೆ. ಕಾರೂ ಸಿಗದು, ಕೋಣೆಯೂ ಸಿಗದು. ಚಳಿಗಾಲದಲ್ಲಿ ವಾಯವ್ಯದ ಗಾಳಿಗೆ ಕಡಲು ಎದ್ದು ಹಡಗುಗಳು ರದ್ದಾಗುವುದು ಹೆಚ್ಚು.

## ಹಂತ 3: ಮೊದಲು ಕಾರು, ಆಮೇಲೆ ಉಳಿದದ್ದು

ಇಲ್ಲಿಯೇ ಹೆಚ್ಚಿನವರು ಎಡವುವುದು. ಅಗ್ಗವಾಗಿ ಸಿಕ್ಕಿತೆಂದು ವಿಮಾನದ ಟಿಕೆಟ್ ಮೊದಲು ತೆಗೆದುಬಿಡುತ್ತಾರೆ. ಆಮೇಲೆ ಹಡಗು, ಆಮೇಲೆ ಹೋಟೆಲ್, ಹೊರಡುವ ವಾರದಲ್ಲಿ ಕಾರು. ಅಷ್ಟರಲ್ಲಿ ಕಾರುಗಳು ಮುಗಿದಿರುತ್ತವೆ. 30 ಸಾವಿರಕ್ಕೂ ಕಡಿಮೆ ಜನರ ದ್ವೀಪ ಇದು, ರೈಲು ಇಲ್ಲವೇ ಇಲ್ಲ. ಕೊರಿಯಾದ ಬುಸಾನ್ ಉತ್ತರದ ತುದಿಯಿಂದ ಬರೀ 50 ಕಿ.ಮೀ. ದೂರ. ವಾರಾಂತ್ಯ ಬಂದರೆ ಅಲ್ಲಿಂದ ಹಡಗು ತುಂಬ ಪ್ರವಾಸಿಗರು ಇಳಿಯುತ್ತಾರೆ.

ಸರಿಯಾದ ಕ್ರಮ ಹೀಗೆ:

1. ದಿನಾಂಕ ಅಂದಾಜು ಮಾಡಿ, ರದ್ದು ಮಾಡಲು ಅವಕಾಶವಿರುವ ಕಾರನ್ನು ಕಾಯ್ದಿರಿಸಿ. ಕಾಯ್ದಿರಿಸುವಾಗ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕಿಲ್ಲ, ಕಾರು ಪಡೆಯುವಾಗ ಬೇಕು.
2. ಅದೇ ದಿನಗಳಿಗೆ, ರದ್ದು ಮಾಡಬಹುದಾದ ಕೋಣೆ.
3. ವೀಸಾ ಅರ್ಜಿ.
4. ವೀಸಾ ಬಂದ ಮೇಲೆ ವಿಮಾನದ ಟಿಕೆಟ್.
5. ಅಂತರರಾಷ್ಟ್ರೀಯ ಚಾಲನಾ ಪರವಾನಗಿ.
6. ಜಪಾನಿನ ಫುಕುವೊಕಾ ನಗರದಿಂದ ದ್ವೀಪಕ್ಕೆ ಹಡಗು ಅಥವಾ ಚಿಕ್ಕ ವಿಮಾನ.

ಕಾರು ಆರಿಸುವಾಗ ‘ಕೇ’ ಎನ್ನುವ ಅತಿ ಚಿಕ್ಕ ವರ್ಗದ್ದನ್ನೇ ಆರಿಸಿ. ನಾಲ್ಕು ಜನ, ದೊಡ್ಡ ಪೆಟ್ಟಿಗೆಗಳು ಇದ್ದರೆ ಮಾತ್ರ ದೊಡ್ಡದು. ಹಳ್ಳಿಯ ದಾರಿಗಳಲ್ಲಿ ಎದುರು ಗಾಡಿ ಬಂದರೆ ಒಬ್ಬರು ಹಿಂದಕ್ಕೆ ಹೋಗಲೇಬೇಕಾದ ಜಾಗಗಳಿವೆ. ಅಲ್ಲಿ ಎಸ್‌ಯುವಿ ತಂದವರ ಪಾಡು ನೋಡಲಾಗದು. ಕಾರು ಇಜುಹರಾದಲ್ಲಿ ಸಿಗುತ್ತದೋ, ವಿಮಾನ ನಿಲ್ದಾಣದಲ್ಲೋ, ಉತ್ತರದ ಹಿತಕತ್ಸುದಲ್ಲೋ ಎಂದು ಎರಡು ಸಲ ನೋಡಿ. ಇಜುಹರಾದಿಂದ ಹಿತಕತ್ಸುಗೆ ರಸ್ತೆಯಲ್ಲಿ ಎರಡು ಗಂಟೆಗೂ ಮೇಲೆ ಬೇಕು. ಒಂದು ಕಡೆ ಇಳಿದು ಇನ್ನೊಂದು ಕಡೆ ಕಾರು ಕಾಯ್ದಿರಿಸಿಕೊಂಡವರೂ ಇದ್ದಾರೆ.

## ಹಂತ 4: ವೀಸಾ

ಭಾರತದಲ್ಲಿರುವ ಭಾರತೀಯರಿಗೆ ಜಪಾನ್ 2024ರ ಏಪ್ರಿಲ್‌ನಿಂದ ಪ್ರವಾಸಕ್ಕೆ ಇ-ವೀಸಾ ಕೊಡುತ್ತಿದೆ. ಅರ್ಜಿ ವೀಸಾ ಕೇಂದ್ರದ ಮೂಲಕ. ಬೆಂಗಳೂರಿನಲ್ಲೇ ಕೇಂದ್ರ ಇದೆ. ದಿನವಾರು ವೇಳಾಪಟ್ಟಿ ಕೇಳುತ್ತಾರೆ. ಅದರಲ್ಲಿ ‘ತ್ಸುಶಿಮಾ’ ಎಂದಷ್ಟೇ ಬರೆಯದೆ ‘ನಾಗಾಸಾಕಿ ಪ್ರಾಂತ್ಯ, ತ್ಸುಶಿಮಾ ನಗರ, ಇಜುಹರಾ’ ಎಂದು ಪೂರ್ತಿ ಬರೆಯಿರಿ. ಜಪಾನಿನಲ್ಲಿ ತ್ಸುಶಿಮಾ ಹೆಸರಿನ ಇನ್ನೊಂದು ನಗರ ನಗೋಯಾದ ಹತ್ತಿರ ಇದೆ. ಹೋಟೆಲ್ ಕಾಯ್ದಿರಿಸುವಾಗಲೂ ಇದೇ ಗೊಂದಲ ಆಗುತ್ತದೆ, ಎಚ್ಚರ.

ಮೂರು ಸಂಗತಿ ನೆನಪಿಡಿ. ಒಂದು, ಇ-ವೀಸಾದ ಸೂಚನೆಯನ್ನು ಫೋನಿನಲ್ಲಿ ಇಂಟರ್ನೆಟ್ ಮೂಲಕ ತೆರೆದೇ ತೋರಿಸಬೇಕು. ಸ್ಕ್ರೀನ್‌ಶಾಟ್ ಆಗಲಿ ಮುದ್ರಿತ ಹಾಳೆಯಾಗಲಿ ನಡೆಯದು. ಎರಡು, ವೀಸಾ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಜಪಾನಿಗೆ ಕಾಲಿಡಬೇಕು, ಹಾಗಾಗಿ ತೀರಾ ಮುಂಚೆ ಹಾಕಬೇಡಿ. ಮೂರನೆಯದು ಮುಖ್ಯ: ಇದು ಒಂದೇ ಪ್ರವೇಶದ ವೀಸಾ. ಹಿತಕತ್ಸುವಿನಿಂದ ಬುಸಾನ್ ಒಂದೂವರೆ ಗಂಟೆಯ ಹಡಗು, ಹೋಗಿ ಬರೋಣ ಎಂದು ಹೊರಟರೆ ಮರಳಿ ಜಪಾನಿಗೆ ಬರಲಾಗದು. ಕೊರಿಯಾಕ್ಕೂ ಬೇರೆ ವೀಸಾ ಬೇಕು.

## ಹಂತ 5: ಅಂತರರಾಷ್ಟ್ರೀಯ ಚಾಲನಾ ಪರವಾನಗಿ

ಜಪಾನ್ ಒಪ್ಪುವುದು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದಂತೆ ಕೊಟ್ಟ ಪರವಾನಗಿಯನ್ನು ಮಾತ್ರ. ಭಾರತ ಆ ಒಪ್ಪಂದದಲ್ಲಿದೆ. ಅದಕ್ಕೇ ನಮ್ಮ ಆರ್‌ಟಿಒ ಕೊಡುವ ಐಡಿಪಿ (ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಇದೇ ಚಿಕ್ಕ ಹೆಸರು) ಅಲ್ಲಿ ನಡೆಯುತ್ತದೆ.

ನಮೂನೆ 4ಎ ತುಂಬಿ, ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ 1,000 ರೂಪಾಯಿ ಶುಲ್ಕ ಕಟ್ಟಬೇಕು. ಪಾಸ್‌ಪೋರ್ಟ್, ಡಿಎಲ್ ಜೊತೆ ವೀಸಾ ಮತ್ತು ಟಿಕೆಟ್‌ನ ಪ್ರತಿಯನ್ನೂ ಕೇಳುವುದು ರೂಢಿ. ಮೂರನೇ ಹಂತದಲ್ಲಿ ಇದನ್ನು ವೀಸಾದ ನಂತರಕ್ಕೆ ಇಟ್ಟದ್ದು ಈ ಕಾರಣಕ್ಕೆ. ಡಿಎಲ್‌ನಲ್ಲಿನ ವಿಳಾಸ ಹಳೆಯದಾಗಿದ್ದರೆ, ಅಂದರೆ ಡಿಎಲ್ ದಾವಣಗೆರೆಯದು, ವಾಸ ಬೆಂಗಳೂರಿನಲ್ಲಿ ಎಂಬಂತಿದ್ದರೆ, ಎರಡು ತಿಂಗಳು ಮುಂಚೆಯೇ ಸರಿಪಡಿಸಿಕೊಳ್ಳಿ. ಕೊನೆಯ ವಾರದಲ್ಲಿ ಇದರ ಹಿಂದೆ ಓಡಾಡಿ ಪ್ರಯೋಜನವಿಲ್ಲ.

ಕೈಗೆ ಬಂದ ಕೂಡಲೇ ನೋಡಬೇಕಾದವು: ಪುಸ್ತಿಕೆಯಲ್ಲಿ 1949ರ ಒಪ್ಪಂದದ ಉಲ್ಲೇಖ, ನಿಮ್ಮ ಭಾವಚಿತ್ರ, ಕಾರಿನ ವರ್ಗವಾದ ‘ಬಿ’ ಎದುರು ಮುದ್ರೆ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೆಸರಿನ ಅಕ್ಷರಗಳು. ಅವಧಿ ಒಂದು ವರ್ಷ. ಕಾರು ಪಡೆಯುವಾಗ ಐಡಿಪಿ, ಭಾರತದ ಮೂಲ ಡಿಎಲ್, ಪಾಸ್‌ಪೋರ್ಟ್ ಮೂರೂ ಬೇಕು. ಫೋನಿನಲ್ಲಿರುವ ಡಿಜಿಲಾಕರ್ ತೋರಿಸಿದರೆ ಕೌಂಟರಿನವರಿಗೆ ಅದು ಏನೆಂದೇ ತಿಳಿಯದು.

‘ಮನೆಗೇ ಕಳಿಸುತ್ತೇವೆ, ಎರಡು ದಿನದಲ್ಲಿ’ ಎಂದು ಆನ್‌ಲೈನಿನಲ್ಲಿ ಐಡಿಪಿ ಮಾರುವವರಿಂದ ದೂರವಿರಿ. ನೋಡಲು ನಿಜದಂತೆಯೇ ಇರುತ್ತದೆ. ಅದನ್ನು ಹಿಡಿದು ಜಪಾನಿನಲ್ಲಿ ಕಾರು ಓಡಿಸಿದರೆ ಪರವಾನಗಿ ಇಲ್ಲದೆ ಓಡಿಸಿದ ಅಪರಾಧ.

ಹೊರದೇಶದ ಡಿಎಲ್ ಇರುವವರಿಗೆ: ಅಮೆರಿಕ ಮತ್ತು ಬ್ರಿಟನ್‌ನಲ್ಲಿರುವವರು ಅಲ್ಲಿಯ ಅಧಿಕೃತ ಸಂಸ್ಥೆಯಿಂದ 1949ರ ನಮೂನೆಯದನ್ನೇ ಕೇಳಿ ಪಡೆಯಿರಿ. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಬೆಲ್ಜಿಯಂ ಡಿಎಲ್ ಇದ್ದರೆ ಐಡಿಪಿ ನಡೆಯದು. ಆ ಡಿಎಲ್‌ನ ಅಧಿಕೃತ ಜಪಾನಿ ಅನುವಾದ ಮಾಡಿಸಿಕೊಳ್ಳಬೇಕು.

ಕಾರು ಓಡಿಸಲು ಬಾರದವರು, ಧೈರ್ಯ ಸಾಲದವರು ಏನು ಮಾಡಬೇಕು? ಬಸ್ಸಿನಲ್ಲಿ ಹೋಗಬಹುದು, ಆದರೆ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಜಾಗ. ಕನೆದಾ ಕೋಟೆಗೆ ಹೇಗೂ ಬಸ್ಸಿಲ್ಲ. ಮೂವರು ನಾಲ್ವರು ಸೇರಿ ದಿನದ ಲೆಕ್ಕದಲ್ಲಿ ಟ್ಯಾಕ್ಸಿ ಮಾತಾಡಿಕೊಂಡರೆ ಪರವಾಗಿಲ್ಲ.

## ಹಂತ 6: ದ್ವೀಪಕ್ಕೆ ದಾಟುವುದು

ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ನೇರ ವಿಮಾನವಿದೆ. ಅಲ್ಲಿಂದ ದೇಶದೊಳಗಿನ ವಿಮಾನದಲ್ಲೋ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲೋ ಫುಕುವೊಕಾ. ಫುಕುವೊಕಾದಿಂದ ದ್ವೀಪಕ್ಕೆ ಮೂರು ದಾರಿ:

ಜೆಟ್‌ಫಾಯಿಲ್ ಎಂಬ ವೇಗದ ದೋಣಿ ಫುಕುವೊಕಾದ ಹಕತಾ ಬಂದರಿನಿಂದ ಇಜುಹರಾಕ್ಕೆ ಎರಡೂಕಾಲು ಗಂಟೆಯಲ್ಲಿ ತಲುಪಿಸುತ್ತದೆ. ಅಲೆ ಎದ್ದರೆ ಮೊದಲು ರದ್ದಾಗುವುದೂ ಅದೇ. ದೊಡ್ಡ ಫೆರಿಗೆ ಐದು ಗಂಟೆಯ ಹತ್ತಿರ ಬೇಕು. ಅಗ್ಗ, ಸ್ವಲ್ಪ ಗಟ್ಟಿ. ಚಾಪೆಯಂಥ ನೆಲದ ಮೇಲೆ ಮಲಗಿಕೊಂಡು ಹೋಗಬಹುದು. ವಿಮಾನಕ್ಕೆ ಮುಕ್ಕಾಲು ಗಂಟೆಯೂ ಬೇಡ. ಜಪಾನಿನ ರೈಲುಗಳ ಜೆಆರ್ ಪಾಸ್ ಈ ಮೂರರಲ್ಲಿ ಯಾವುದಕ್ಕೂ ನಡೆಯದು.

ನನ್ನ ಮಟ್ಟಿಗೆ ಹೋಗುವಾಗ ಹಡಗೇ ಸರಿ. ಕಡಲಿನಿಂದ ದ್ವೀಪದ ಕಪ್ಪು ಗುಡ್ಡಗಳು ಏಳುವುದನ್ನು ನೋಡಿದಾಗ ಆಟದವರು ಎಲ್ಲಿಂದ ಶುರುಮಾಡಿದರೆಂಬುದು ತಿಳಿಯುತ್ತದೆ. ಕಡಲಕಾಯಿಲೆ ಇದ್ದವರು ಹತ್ತುವ ಮುನ್ನವೇ ಮಾತ್ರೆ ನುಂಗಿ, ಅಲೆ ಶುರುವಾದ ಮೇಲೆ ಅದು ಕೆಲಸ ಮಾಡದು.

ಎಚ್ಚರಿಕೆಯ ಸೂಚನೆ: ಹಡಗಿನ ಜಾಲತಾಣದಲ್ಲಿ ‘ಷರತ್ತಿನ ಮೇಲೆ ಸಂಚಾರ’ ಎಂದು ಕಂಡರೆ, ಹೊರಟರೂ ನಡುವೆ ತಿರುಗಿ ಬರಬಹುದು ಎಂದು ಅರ್ಥ ಮಾಡಿಕೊಳ್ಳಿ. ದ್ವೀಪ ಬಿಟ್ಟ ದಿನವೇ ಭಾರತಕ್ಕೆ ವಿಮಾನ ಇಟ್ಟುಕೊಳ್ಳಲೇಬೇಡಿ. ನಡುವೆ ಕನಿಷ್ಠ ಒಂದು ಪೂರ್ತಿ ದಿನ ಫುಕುವೊಕಾದಲ್ಲಿ ಇರಲಿ.

## ಹಂತ 7: ಚೀಲದಲ್ಲಿ ಏನಿರಬೇಕು, ಏನಿರಬಾರದು

ಗಟ್ಟಿ ಹಿಡಿತದ ಬೂಟು, ಮಳೆಯಂಗಿ, ಉದ್ದ ತೋಳಿನ ಅಂಗಿ, ಉಣ್ಣೆಹುಳುವಿಗೆ ಹಚ್ಚಿಕೊಳ್ಳುವ ಔಷಧ. ಕಾಡಿನಲ್ಲಿ ಉಣ್ಣೆಗಳಿಂದ ಜ್ವರ ಹರಡುತ್ತದೆ, ಮಮುಶಿ ಎಂಬ ವಿಷದ ಹಾವೂ ಇದೆ. ನಗದು ಬೇಕೇ ಬೇಕು. ಚಿಕ್ಕ ಅಂಗಡಿ, ಬಸ್ಸುಗಳಲ್ಲಿ ಕಾರ್ಡ್ ನಡೆಯುವ ಭರವಸೆಯಿಲ್ಲ. ಅಂಚೆ ಕಚೇರಿಯ ಎಟಿಎಂ ಹೊರದೇಶದ ಕಾರ್ಡ್ ತೆಗೆದುಕೊಳ್ಳುತ್ತದೆ, ಆದರೆ ಹಳ್ಳಿಗಳಲ್ಲಿ ಅದಕ್ಕೂ ಬಾಗಿಲು ಹಾಕುವ ಹೊತ್ತಿದೆ.

ಸಸ್ಯಾಹಾರಿಗಳು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದ್ವೀಪದ ಹೆಸರುವಾಸಿ ಊಟವೆಂದರೆ ಅನಗೊ ಎಂಬ ಹಾವುಮೀನು, ಮಸಾಲೆ ಹಂದಿಮಾಂಸದ ತೊಂಚಾನ್, ಗೆಣಸಿನ ಹಿಟ್ಟಿನ ರೊಕುಬೆ ಶ್ಯಾವಿಗೆ, ಇಲ್ಲಿಯದೇ ತಳಿಯ ಸೋಬಾ ನೂಡಲ್ಸ್. ಕೊನೆಯ ಎರಡು ಕೇಳಲು ಸಸ್ಯಾಹಾರವೆನಿಸಿದರೂ ಅದರ ಸಾರು ಮೀನು ಇಲ್ಲವೇ ಕೋಳಿಯದು. ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಜೊತೆಗಿದ್ದರೆ ಬೆಟ್ಟದ ದಿನಗಳಲ್ಲಿ ಚಿಂತೆಯಿಲ್ಲ. ಮಾಂಸದ ಯಾವ ತಿನಿಸನ್ನೂ ಜಪಾನಿಗೆ ಒಯ್ಯುವಂತಿಲ್ಲ. ಹಸಿ ಕರಿಬೇವು, ಹಣ್ಣು, ತರಕಾರಿಯನ್ನೂ ಮನೆಯಲ್ಲೇ ಬಿಡಿ.

ಜಿನ್ ಸಕಾಯಿಯ ವೇಷ ತೊಟ್ಟು ಫೋಟೊ ತೆಗೆಸುವ ಆಸೆಯಿದ್ದರೆ, ಬಟ್ಟೆ ಸರಿ, ಲೋಹದ ನಕಲಿ ಕತ್ತಿ ಬೇಡ. ಹರಿತವಿಲ್ಲದಿದ್ದರೂ ಅದನ್ನು ಸಕಾರಣವಿಲ್ಲದೆ ಹಿಡಿದು ತಿರುಗುವುದು ಜಪಾನಿನಲ್ಲಿ ಕಾನೂನುಬಾಹಿರ. ಡ್ರೋನ್ 100 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲೇ ನೋಂದಾಯಿಸಬೇಕು. ಗಡಿ ದ್ವೀಪವಾದ್ದರಿಂದ ಇಲ್ಲಿ ಸೇನೆಯ ನೆಲೆಗಳಿವೆ, ಎಲ್ಲೆಂದರಲ್ಲಿ ಹಾರಿಸಬೇಡಿ.

## ಹಂತ 8: ರಸ್ತೆಗೆ ಇಳಿಯುವುದು

ನಮ್ಮ ಹಾಗೆ ಎಡಗಡೆಯ ಸಂಚಾರ, ಸ್ಟೀರಿಂಗ್ ಬಲಗಡೆ. ಆ ಧೈರ್ಯವೇ ಕೆಲವರನ್ನು ಕೆಡಿಸುತ್ತದೆ. ಕೆಂಪು ತಲೆಕೆಳಗು ತ್ರಿಕೋನದ ಫಲಕ ಕಂಡಲ್ಲಿ ಚಕ್ರ ಪೂರ್ತಿ ನಿಲ್ಲಬೇಕು. ನಿಧಾನ ಮಾಡಿ ಮುಂದೆ ಹೋದರೆ ದಂಡ. ಹಾರ್ನ್ ಮರೆತುಬಿಡಿ. ಕುಡಿದು ಓಡಿಸಿದವರಿಗಷ್ಟೇ ಅಲ್ಲ, ಪಕ್ಕದಲ್ಲಿ ಗೊತ್ತಿದ್ದೂ ಕುಳಿತವರಿಗೂ ಶಿಕ್ಷೆಯಿದೆ.

ದ್ವೀಪದ ಬೆನ್ನೆಲುಬು ರಾಷ್ಟ್ರೀಯ ಹೆದ್ದಾರಿ 382. ಹೆದ್ದಾರಿ ಎಂದ ಕೂಡಲೇ ನೈಸ್ ರಸ್ತೆ ನೆನೆಸಿಕೊಳ್ಳಬೇಡಿ. ತಿರುವು, ಸುರಂಗ, ಮತ್ತೆ ತಿರುವು. ನಕ್ಷೆ ತೋರಿಸುವ ಸಮಯಕ್ಕೆ ಕಾಲುಭಾಗ ಸೇರಿಸಿ ಲೆಕ್ಕ ಹಾಕಿ. ಕಾರಿನ ನ್ಯಾವಿಗೇಶನ್‌ಗೆ ಹೆಸರು ಹೊಡೆಯುವುದಕ್ಕಿಂತ ಆ ಜಾಗದ ದೂರವಾಣಿ ಸಂಖ್ಯೆ ಹೊಡೆಯುವುದು ಸುಲಭ.

ಕತ್ತಲಾಗುವ ಮುನ್ನ ಕೋಣೆ ಸೇರಿಕೊಳ್ಳಿ. ಜಿಂಕೆ, ಕಾಡುಹಂದಿ ಅಡ್ಡ ಬರುತ್ತವೆ. ಇನ್ನೂ ಮುಖ್ಯವಾಗಿ, ಜಪಾನಿನಲ್ಲಿ ಈ ದ್ವೀಪದಲ್ಲಿ ಮಾತ್ರ ಇರುವ ತ್ಸುಶಿಮಾ ಯಮನೆಕೊ ಎಂಬ ಕಾಡುಬೆಕ್ಕು ಸುಮಾರು ನೂರರಷ್ಟೇ ಉಳಿದಿದೆ, ಅದು ಸಾಯುವ ಕಾರಣಗಳಲ್ಲಿ ಒಂದು ಕಾರುಗಳು. ಬೆಕ್ಕಿನ ಚಿತ್ರದ ಹಳದಿ ಫಲಕ ಕಂಡಲ್ಲಿ ವೇಗ ಇಳಿಸಿ.

ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ತುಂಬಿಸಿ. ಬಂಕುಗಳು ಸಂಜೆ ಬೇಗ ಮುಚ್ಚುತ್ತವೆ. ಕೆಂಪು ನಳಿಕೆ ಸಾಮಾನ್ಯ ಪೆಟ್ರೋಲ್, ಹಸಿರು ಡೀಸೆಲ್. ಬಾಡಿಗೆಯ ಚಿಕ್ಕ ಕಾರಿಗೆ ಕೆಂಪೇ. ಕಾರಿಗೆ ಸಣ್ಣ ಗೀರು ಬಿದ್ದರೂ 110ಕ್ಕೆ ಕರೆ ಮಾಡಿ ಪೊಲೀಸರ ವರದಿ ಆಗಬೇಕು, ಇಲ್ಲದಿದ್ದರೆ ವಿಮೆ ಸಿಗದು. ಆಂಬುಲೆನ್ಸ್‌ಗೆ 119.

## ಹಂತ 9: ದಕ್ಷಿಣದಿಂದ ಶುರು

ಆಟ ಸಾಗುವ ದಿಕ್ಕಿನಲ್ಲೇ ಹೋಗಿ: ಇಜುಹರಾದಲ್ಲಿ ಎರಡು ರಾತ್ರಿ, ಹಿತಕತ್ಸುವಿನಲ್ಲಿ ಒಂದು. ಇದಕ್ಕಿಂತ ಕಡಿಮೆ ದಿನವಿದ್ದರೆ ಉತ್ತರವನ್ನು ಕೈಬಿಡಿ.

ಇಜುಹರಾದಲ್ಲಿ ಮೊದಲು ಫುರೆಆಯಿದೊಕೊರೊ ತ್ಸುಶಿಮಾ ಎಂಬ ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಹೋಗಿ ನಕ್ಷೆ ತೆಗೆದುಕೊಳ್ಳಿ. ಮುಚ್ಚಿದ ರಸ್ತೆ, ಕುಸಿದ ಕಾಲುದಾರಿಗಳ ಸುದ್ದಿ ಅಲ್ಲಿ ಕೇಳಿ. ಆಮೇಲೆ ಬನ್‌ಶೋಯಿನ್ ಬೌದ್ಧ ದೇವಾಲಯ. ದ್ವೀಪವನ್ನು ಆಳಿದ ಸೋ ಮನೆತನದ ಸಮಾಧಿಗಳು ಇಲ್ಲಿವೆ. ಆಟದಲ್ಲಿ ಆ ಮನೆತನದ ಹೆಸರಿಲ್ಲ, ಕಲ್ಪನೆಯ ದೊರೆ ಶಿಮುರಾ ಬಂದು ಅವರ ಜಾಗದಲ್ಲಿ ಕುಳಿತಿದ್ದಾನೆ. ಪಾಚಿ ಹಿಡಿದ 132 ಕಲ್ಲುಮೆಟ್ಟಿಲು, ತುದಿಯಲ್ಲಿ ಭಾರೀ ಸೀಡರ್ ಮರಗಳು. ದ್ವೀಪದಲ್ಲಿ ಆಟದ ಚೌಕಟ್ಟಿಗೆ ನೇರವಾಗಿ ಕೂರುವ ಜಾಗ ಒಂದಿದ್ದರೆ ಅದು ಇದು. ಮಳೆ ಬಂದ ಮರುದಿನ ಮೆಟ್ಟಿಲು ಜಾರುತ್ತವೆ.

ಮಧ್ಯಾಹ್ನ ಪಶ್ಚಿಮಕ್ಕೆ, ಕೊಮೊದಾಕ್ಕೆ. ಕಾರಿನಲ್ಲಿ ಅರ್ಧ ಗಂಟೆಯ ಆಸುಪಾಸು. ಬೆಳಿಗ್ಗೆ ಹೋಗಬೇಡಿ, ಪಶ್ಚಿಮದ ಕಡಲು, ಬೆಳಕು ಸಂಜೆಯದೇ ಚೆಂದ. 1274ರಲ್ಲಿ ಮಂಗೋಲರ ಹಡಗುಗಳು ಬಂದದ್ದು ಈ ಕೊಲ್ಲಿಗೆ. ಅದೇ ಸೋ ಮನೆತನದ ಸುಕೆಕುನಿ ಸುಮಾರು 80 ಸವಾರರೊಂದಿಗೆ ಎದುರು ನಿಂತು ಸತ್ತನೆಂದು ಪರಂಪರೆ. ಆಟದ ಮೊದಲ ದೃಶ್ಯದ 80 ಸಮುರಾಯಿಗಳ ಲೆಕ್ಕ ಅಲ್ಲಿಯದೇ.

ನಿರಾಸೆಗೆ ಸಿದ್ಧರಾಗಿ ಹೋಗಿ. ಸಾವಿರ ಹಡಗು ನಿಲ್ಲುವಷ್ಟು ಅಗಲದ ಮರಳು ಇಲ್ಲಿಲ್ಲ. ಚಿಕ್ಕ ತೀರ, ಕಾಂಕ್ರೀಟ್ ತಡೆಗೋಡೆ, ಮೀನುಗಾರರ ಹಳ್ಳಿ, ಸುಕೆಕುನಿಯನ್ನು ಪೂಜಿಸುವ ಕೊಮೊದಾಹಮಾ ಗುಡಿ. ಐದು ನಿಮಿಷ ನೋಡಿ ಕಾರು ತಿರುಗಿಸುವವರೇ ಹೆಚ್ಚು. ಹಾಗೆ ಮಾಡದೆ ಒಳನಾಡಿನ ಹಳ್ಳಿಗಳತ್ತ ಹೋಗಿ, ಸುಕೆಕುನಿಯ ತಲೆ ಮತ್ತು ಮುಂಡವನ್ನು ಬೇರೆ ಬೇರೆ ಹೂಳಿದರೆನ್ನುವ ಎರಡು ದಿಬ್ಬಗಳನ್ನು ಹುಡುಕಿ. ಹತ್ತಿರದ ಶಿಯಿನೆಯಲ್ಲಿ ಹೆಂಚಿನ ಬದಲು ದಪ್ಪ ಕಲ್ಲುಚಪ್ಪಡಿ ಹೊದಿಸಿದ ಉಗ್ರಾಣಗಳಿವೆ. ಮಲೆನಾಡಿನವರಿಗೆ ಈ ಕಲ್ಲಿನ ಮಾಡು ಕಂಡರೆ ಒಳಗೆ ಅಡಿಕೆ ಇರಬಹುದೇ ಎನಿಸೀತು, ಇಟ್ಟದ್ದು ಧಾನ್ಯ. ಅವು ಜನರ ಸ್ವಂತ ಆಸ್ತಿ, ಹೊರಗಿನಿಂದಷ್ಟೇ ನೋಡಿ.

ಬೆಟ್ಟ ಹತ್ತುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಶಿರತಕೆ ಹತ್ತಬಹುದು. 500 ಮೀಟರ್ ಚಿಲ್ಲರೆ ಎತ್ತರವಷ್ಟೇ, ಆದರೆ ಕೊನೆಯ ಭಾಗ ಕಡಿದಾದ ಬಿಳಿ ಬಂಡೆ, ಹಗ್ಗ ಹಿಡಿದು ಹತ್ತಬೇಕು. ಹತ್ತಲಾಗದವರಿಗೆ ಕಮಿಝಕಾ ವೀಕ್ಷಣಾ ತಾಣದಿಂದ ಅದೇ ಶಿಖರ ದೂರದಲ್ಲಿ ಕಾಣುತ್ತದೆ.

## ಹಂತ 10: ನಡುಭಾಗ, ಅಂದರೆ ಕನೆದಾ ಮತ್ತು ಕಡಲೊಳಗಿನ ಕಮಾನುಗಳು

ಬೆಳಿಗ್ಗೆ ಬೇಗ ಕನೆದಾ ಕೋಟೆಗೆ. ಆಟದಲ್ಲಿ ಇದು ಗೋಪುರ, ಹೆಬ್ಬಾಗಿಲು ಎಲ್ಲ ಇರುವ ಸಮುರಾಯಿ ಕೋಟೆ. ನಿಜದಲ್ಲಿ ಸಮುರಾಯಿಗಳು ಹುಟ್ಟುವುದಕ್ಕೂ ಎಷ್ಟೋ ಹಿಂದೆ, 667ರಲ್ಲಿ, ಕೊರಿಯಾದಲ್ಲಿ ಸೋತ ಜಪಾನ್ ದಾಳಿಗೆ ಹೆದರಿ ಕಟ್ಟಿದ್ದು. ಗೋಪುರ ಇರಲೇ ಇಲ್ಲ. 276 ಮೀಟರ್ ಎತ್ತರದ ಗುಡ್ಡವನ್ನು ಸುತ್ತಿಕೊಂಡ ಸುಮಾರು 2.8 ಕಿ.ಮೀ. ಕಲ್ಲುಗೋಡೆ, ಕೆಳಗೆ ಅಸೋ ಕೊಲ್ಲಿಯ ಹಸಿರು ನೀರು. ನನಗೆ ಕೇಳಿದರೆ ಆಟದ ಕೋಟೆಗಿಂತ ಇದೇ ಮೇಲು.

ಇಲ್ಲಿಗೆ ಹೋಗುವ ಕೊನೆಯ ರಸ್ತೆ ಒಂದು ಕಾರಿನ ಅಗಲದ್ದು. ತಿರುವಿನ ಕನ್ನಡಿಗಳನ್ನು ನೋಡುತ್ತ ನಿಧಾನವಾಗಿ ಸಾಗಿ. ದಾರಿಯಲ್ಲಿ ಅಂಗಡಿ ಸಿಗದು, ನೀರು ಮೊದಲೇ ತುಂಬಿಕೊಳ್ಳಿ, ಶೌಚಕ್ಕೂ ಹೊರಡುವ ಮುನ್ನವೇ ಹೋಗಿ ಬನ್ನಿ. ಕಾಲುದಾರಿಯ ಬಹುಭಾಗ ರಷ್ಯಾ-ಜಪಾನ್ ಯುದ್ಧದ ಕಾಲದ ಸೇನಾ ರಸ್ತೆ, ಹಾಗಾಗಿ ಏರು ಸೌಮ್ಯ. ತುದಿಗೆ ಒಂದು ಗಂಟೆ, ಗೋಡೆಗಳನ್ನು ನೋಡಿ ಮರಳಲು ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ. ದಾರಿಯಿಂದ ಇಳಿದು ಗೋಡೆ ಹತ್ತಬೇಡಿ, ಸಡಿಲ ಕಲ್ಲುಗಳಿವೆ. ದಾರಿ ಗುರುತಿಸಲು ಕಟ್ಟಿದ ಪಟ್ಟಿ ಕಾಣದೆ ಹತ್ತು ನಿಮಿಷ ಆಯಿತೆಂದರೆ ತಪ್ಪಿದ್ದೀರಿ. ಮುಂದೆ ಹೋಗದೆ ಬಂದ ದಾರಿಯಲ್ಲೇ ಹಿಂದಿರುಗಿ. ಮಧ್ಯಾಹ್ನ ಎರಡರ ಮೇಲೆ ಹತ್ತಲು ಶುರುಮಾಡಬೇಡಿ.

ಅಲ್ಲಿಂದ ಉತ್ತರಕ್ಕೆ ಹೊರಟರೆ ಮನ್‌ಝೆಕಿ ಸೇತುವೆ. ಕೆಳಗಿನ ಕಾಲುವೆಯನ್ನು ಜಪಾನಿನ ನೌಕಾಪಡೆ 1900ರಲ್ಲಿ ಕಡಿದದ್ದು. ಜಿನ್‌ನ ಕಾಲದಲ್ಲಿ ಇಲ್ಲಿ ನೀರಿನ ದಾರಿ ಇರಲಿಲ್ಲ.

ಮುಂದಿನದು ಎಲ್ಲರ ಪಟ್ಟಿಯಲ್ಲಿರುವ ವತಝುಮಿ ಗುಡಿ. ಮುಖ್ಯ ಗುಡಿಯಿಂದ ನೇರ ಸಾಲಿನಲ್ಲಿ ಐದು ತೋರಿ ಕಮಾನು, ಎರಡು ಕಡಲೊಳಗೆ. 2020ರ ಸೆಪ್ಟೆಂಬರ್‌ನ ಚಂಡಮಾರುತಕ್ಕೆ ಒಂದು ಕಮಾನು ಉರುಳಿದಾಗ, ಈ ಆಟದ ಅಭಿಮಾನಿಗಳೂ ಸೇರಿ 2.7 ಕೋಟಿ ಯೆನ್‌ಗೂ ಹೆಚ್ಚು ದೇಣಿಗೆ ಕೂಡಿಸಿಕೊಟ್ಟರು. ಆದರೆ ಕೆಲವು ಪ್ರವಾಸಿಗರ ಅಗೌರವದ ನಡತೆಯಿಂದ ಬೇಸತ್ತು, 2025ರ ಮಾರ್ಚ್‌ನಲ್ಲಿ ಗುಡಿಯವರು ಭಕ್ತರ ಹೊರತು ಉಳಿದವರಿಗೆ ಪ್ರವೇಶವಿಲ್ಲ ಎಂದು ಪ್ರಕಟಿಸಿದರು. ಹಳೆಯ ಪ್ರವಾಸ ವಿಡಿಯೊಗಳಲ್ಲಿ ಈ ಸಂಗತಿ ಇರುವುದಿಲ್ಲ. ಹೊರಡುವ ವಾರದಲ್ಲಿ ಅವರ ಪ್ರಕಟಣೆ ನೋಡಿ, ಇಜುಹರಾದ ಮಾಹಿತಿ ಕೇಂದ್ರದಲ್ಲಿ ಕೇಳಿ. ಬೇಡ ಎಂದಿದ್ದರೆ ಬೇಡ. ಬೇಲಿಯ ಹೊರಗಿನಿಂದ ಜೂಮ್ ಮಾಡುವುದು, ಪೂಜೆಗೆ ಬಂದವರಂತೆ ನಟಿಸಿ ಒಳಗೆ ಫೋನ್ ತೆಗೆಯುವುದು, ಇವೂ ಬೇಡ.

ಬದಲಿಗೆ ಹತ್ತಿರದ ಎಬೊಶಿದಕೆ ವೀಕ್ಷಣಾ ತಾಣಕ್ಕೆ ಕಾರಿನಲ್ಲೇ ಏರಿ. 176 ಮೀಟರ್ ಎತ್ತರವಷ್ಟೇ, ಆದರೆ ಸುತ್ತ ಎಲ್ಲ ದಿಕ್ಕಿಗೂ ಅಸೋ ಕೊಲ್ಲಿಯ ಚೂರುಚೂರು ದ್ವೀಪಗಳು. ಮಂಜಿನ ಮುಂಜಾನೆ ಸಿಕ್ಕರೆ ಬಿಡಬೇಡಿ.

## ಹಂತ 11: ಉತ್ತರ

ಕಮಿಅಗತಾ ಆಟದಲ್ಲಿ ಹಿಮದ ನಾಡು. ನಿಜದಲ್ಲಿ ಅಷ್ಟು ಹಿಮ ಬೀಳದು, ಗಾಳಿ ಮಾತ್ರ ಕೊರೆಯುತ್ತದೆ.

ಕುದುರೆಯ ಆಸೆ ಇದ್ದವರಿಗೆ ಮೆಬೊರೊ ಅಣೆಕಟ್ಟಿನ ಬಳಿಯ ಕುದುರೆ ಉದ್ಯಾನವಿದೆ. ದ್ವೀಪದ ತಳಿಯಾದ ತೈಶೂ ಕುದುರೆಗಳು ಕೆಲವು ಹತ್ತುಗಳಷ್ಟೇ ಉಳಿದಿವೆ. ಗಿಡ್ಡ, ಗಟ್ಟಿ, ಸಾಧು. ಆಟದ ಕುದುರೆಯ ಎತ್ತರ ಎದುರು ನೋಡಬೇಡಿ. ಸವಾರಿಗೆ ಮೊದಲೇ ಕರೆ ಮಾಡಿ ಸಮಯ ಕೇಳಿ, ತೂಕದ ಮಿತಿಯನ್ನೂ ವಿಚಾರಿಸಿ.

ಪೂರ್ವ ತೀರದ ಕಿನ್ ಹಳ್ಳಿಯಲ್ಲಿ ಒಂದು ಹಳೆಯ ಗಿಂಕೊ ಮರವಿದೆ; 1,500 ವರ್ಷದ್ದೆಂದು ಹೇಳುತ್ತಾರೆ. ಆಟದ ಹಳದಿ ಕಾಡು ಇಲ್ಲಿಲ್ಲ, ಈ ಒಂದು ಮರವೇ ಅದರ ಪಾಲನ್ನು ತುಂಬಿಕೊಡುತ್ತದೆ. ಎಲೆ ಬಣ್ಣ ತಿರುಗಿದೆಯೇ ಎಂದು ಹೋಟೆಲಿನವರನ್ನು ಕೇಳಿಕೊಂಡು ಹೋಗಿ. ಒಂದು ರಾತ್ರಿಯ ಗಾಳಿಗೆ ಎಲ್ಲ ಉದುರಿರಬಹುದು.

ಸಮಯ ಮಿಕ್ಕರೆ ಸಾಓಝಕಿಯ ವನ್ಯಜೀವಿ ಕೇಂದ್ರದಲ್ಲಿ ಕಾಡುಬೆಕ್ಕನ್ನೂ, ವಾನಿಉರಾದ ಕೊರಿಯಾ ವೀಕ್ಷಣಾ ತಾಣದಿಂದ ತಿಳಿಯಾದ ದಿನ ಬುಸಾನನ್ನೂ ನೋಡಬಹುದು. ಕೊರಿಯಾದ ಇಷ್ಟು ಹತ್ತಿರ ಬಂದ ಮೇಲೆ ಫೋನಿನ ಮೇಲೆ ಕಣ್ಣಿಡಿ. ಅದು ತಾನಾಗಿ ಕೊರಿಯಾದ ಟವರ್‌ಗೆ ಜಿಗಿದು ರೋಮಿಂಗ್ ಶುಲ್ಕ ಏರಿಸಬಹುದು. ಜಪಾನಿನ ಜಾಲವನ್ನು ಕೈಯಾರೆ ಆರಿಸಿಡಿ.

## ಹಂತ 12: ವಾಪಸ್, ಬೇಕಿದ್ದರೆ ಇಕಿ

ಆಟದ 2021ರ ವಿಸ್ತೃತ ಆವೃತ್ತಿ ‘ಡೈರೆಕ್ಟರ್ಸ್ ಕಟ್’ ಆಡಿದವರಿಗೆ, ಅದರಲ್ಲಿ ಬರುವ ಇಕಿ ದ್ವೀಪದ ಸೆಳೆತವೂ ಇರುತ್ತದೆ. ಇಜುಹರಾದಿಂದ ಹಕತಾಕ್ಕೆ ಹೋಗುವ ಹಡಗುಗಳಲ್ಲಿ ಹಲವು ಇಕಿಯಲ್ಲಿ ನಿಲ್ಲುತ್ತವೆ. ಅಲ್ಲೇ ಇಳಿದು ಒಂದು ರಾತ್ರಿ ತಂಗಿ ಮುಂದೆ ಹೋಗಬಹುದು. ಇಕಿಯಲ್ಲಿ ಬಂದರುಗಳು ಒಂದಕ್ಕಿಂತ ಹೆಚ್ಚು. ಇಳಿಯುವ ಬಂದರು, ಮತ್ತೆ ಹತ್ತುವ ಬಂದರು ಒಂದೇ ಆಗಿರದಿರಬಹುದು, ಟಿಕೆಟಿನಲ್ಲಿ ನೋಡಿಕೊಳ್ಳಿ. ಅಲ್ಲಿಗೆ ಬೇರೆ ಕಾರು ಬೇಕಾಗುತ್ತದೆ, ಅದನ್ನೂ ಮೂರನೇ ಹಂತದಲ್ಲೇ ಕಾಯ್ದಿರಿಸಿ.

ಹೊರಡುವ ಹಿಂದಿನ ಸಂಜೆ ಹಡಗಿನ ಸ್ಥಿತಿ ನೋಡಿ, ಬೆಳಿಗ್ಗೆ ಎದ್ದು ಮತ್ತೆ ನೋಡಿ. ಜೆಟ್‌ಫಾಯಿಲ್ ರದ್ದಾದರೂ ಎಷ್ಟೋ ಸಲ ದೊಡ್ಡ ಫೆರಿ ಹೊರಡುತ್ತದೆ, ಬಂದರಿನ ಕೌಂಟರಿನಲ್ಲೇ ಬದಲಾಯಿಸಿಕೊಳ್ಳಿ. ಕಾರು ಒಪ್ಪಿಸುವ ಮುನ್ನ ಬಂಕಿನಲ್ಲಿ ‘ಮನ್‌ತಾನ್’ ಎನ್ನಿ, ಟ್ಯಾಂಕ್ ತುಂಬಿಸಿಕೊಡುತ್ತಾರೆ. ರಸೀದಿ ಇಟ್ಟುಕೊಳ್ಳಿ, ಕಾರಿನವರು ಕೇಳುತ್ತಾರೆ.